ಮಾತು ಬಿಟ್ಟವಳ ಪ್ರಾರ್ಥನೆ

ನಮ್ಮ ಸಭೆಯಲ್ಲಿ ಒಂದು ಭಾನುವಾರ ನಾವೆಲ್ಲ ಸೇರಿ ಒಬ್ಬ ಮನುಷ್ಯನ ಮೂತ್ರಕ್ಕೆ ಚಪ್ಪಾಳೆ ತಟ್ಟಿದ್ದೇವೆ.

ನಗಬೇಡಿ. (ನಕ್ಕರೂ ಪರವಾಗಿಲ್ಲ. ಅವತ್ತು ನಾವೂ ನಕ್ಕಿದ್ದೆವು, ಕಣ್ಣಲ್ಲಿ ನೀರು ತುಂಬಿಕೊಂಡು.) ಆರಾಧನೆಯ ನಡುವೆ ಪಾಸ್ಟರ್ ಫೋನ್ ತೆಗೆದು ನೋಡಿದರು. ಬೇರೆ ದಿನ ನಮ್ಮ ಫೋನು ಸದ್ದು ಮಾಡಿದರೆ ಗದರುವವರು ಅವರು. ಕನ್ನಡಕ ಸರಿ ಮಾಡಿಕೊಂಡು ಹೇಳಿದರು: "ನಮ್ಮ ಸಹೋದರ ಪ್ರಭಾಕರ್‌ಗೆ ನಿನ್ನೆ ಆಪರೇಷನ್ ಆಯ್ತಲ್ಲ, ಹೊಸ ಕಿಡ್ನಿ ಕೆಲಸ ಶುರು ಮಾಡಿದೆ. ಮೂತ್ರ ಬಂದಿದೆ."

ಹಿಂದಿನ ಬೆಂಚಿನಿಂದ ಯಾರೋ "ಸ್ತೋತ್ರ" ಎಂದರು. ಅಷ್ಟೇ, ಇಡೀ ಸಭೆ ಎದ್ದು ನಿಂತಿತು.

ಆ ಕಿಡ್ನಿ ಕೊಟ್ಟವಳು ಪ್ರಭಾಕರನ ಹೆಂಡತಿ ಎಸ್ತೇರ್.

ನಾನು ಹಾವೇರಿ ಕಡೆಯವಳು. ಗಂಡನಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸವಾದ್ದರಿಂದ ಕೆಜಿಎಫ್‌ಗೆ ಬಂದೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಬಂದ ಹೊಸತರಲ್ಲಿ ನನಗೆ ಇಲ್ಲಿನ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಹೊರಟು, ತಮಿಳಿನಲ್ಲಿ ತಿರುಗಿ, ತೆಲುಗಿನಲ್ಲಿ ಇಳಿದುಬಿಡುತ್ತಾರೆ. ಆಗ ಚರ್ಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಎಲ್ಲವನ್ನೂ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದವಳು ಎಸ್ತೇರ್. ಬಂಗಾರಪೇಟೆಯ ಹುಡುಗಿ. ಮದುವೆಯಾಗಿ ಇಲ್ಲಿನ ಕೋರಮಂಡಲ್‌ನಲ್ಲಿ ಗಣಿ ಕಾರ್ಮಿಕರಿಗೆ ಕಟ್ಟಿದ್ದ ಹಳೆ ಲೈನ್ ಮನೆಗೆ ಬಂದವಳು. ಬ್ಲೌಸ್ ಹೊಲಿಯುತ್ತಾಳೆ. ನನ್ನ ಕಡೆಯವರ ಮದುವೆಗಳಲ್ಲಿ ನಾನು ಉಟ್ಟ ಸೀರೆಗಳಿಗೆಲ್ಲ ಅವಳದೇ ಹೊಲಿಗೆ.

ಪ್ರಭಾಕರ ಬಂಗಾರಪೇಟೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ದಿನಾ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಹೋಗುತ್ತಿದ್ದ. ಗಟ್ಟಿ ಆಳು. ಕಾಲು ಊದಿಕೊಳ್ಳುತ್ತಿದೆ ಎಂದು ತೋರಿಸಲು ಹೋದವನಿಗೆ ಎರಡೂ ಕಿಡ್ನಿ ಕೆಟ್ಟಿವೆ ಎಂದರು. ಆಮೇಲೆ ರೈಲು ತಪ್ಪಿತು, ಅಂಗಡಿ ಮುಚ್ಚಿತು. ವಾರದಲ್ಲಿ ಮೂರು ದಿನ ಕೋಲಾರಕ್ಕೆ ಡಯಾಲಿಸಿಸ್, ಕುಡಿಯುವ ನೀರಿಗೂ ಲೆಕ್ಕ. ಎಸ್ತೇರ್ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ಬ್ಲೌಸುಗಳಿಗೆ ಹುಕ್ ಹಾಕುತ್ತಿದ್ದಳು.

ಕಿಡ್ನಿ ಬದಲಾಯಿಸಬೇಕು ಎಂದಾಗ ಪ್ರಭಾಕರನ ತಮ್ಮನನ್ನು ಪರೀಕ್ಷೆ ಮಾಡಿದರು. ಅವನಿಗೇ ಸಕ್ಕರೆ ಕಾಯಿಲೆ. ತಾಯಿಗೆ ವಯಸ್ಸಾಗಿತ್ತು. ಉಳಿದವಳು ಎಸ್ತೇರ್. ಗಂಡ ಹೆಂಡತಿಯದು ರಕ್ತಸಂಬಂಧವಲ್ಲವಲ್ಲ, ಹೊಂದುತ್ತದೆಂದು ಯಾರಿಗೂ ನಂಬಿಕೆಯಿರಲಿಲ್ಲ. ಸಭೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟೆವು. ಕೇಳಿಕೊಂಡದ್ದು ಒಂದೇ: ಹೊಂದಲಿ.

ಹೊಂದಿತು.

ಅವತ್ತು ಎಸ್ತೇರ್ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದಳು. (ನಮ್ಮಲ್ಲಿ ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವುದಕ್ಕೆ ಸಾಕ್ಷಿ ಅನ್ನುತ್ತೇವೆ.) ಅವಳು ಭಾಷಣ ಮಾಡುವವಳಲ್ಲ. "ಯೇಸಪ್ಪ ನನ್ನ ಹೊಟ್ಟೇಲಿ ಇವ್ರಿಗೋಸ್ಕರ ಒಂದು ಎತ್ತಿಟ್ಟಿದ್ದ. ಇವಾಗ ಗೊತ್ತಾಯ್ತು" ಎಂದು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಕೂತಳು. ಅದಕ್ಕಿಂತ ಒಳ್ಳೆಯ ಉಪದೇಶವನ್ನು ನಾನು ಕೇಳಿಲ್ಲ.

ಆಪರೇಷನ್ ಆಯಿತು. ಮೂತ್ರವೂ ಬಂತು, ಚಪ್ಪಾಳೆಯೂ ಆಯಿತು. ಇಬ್ಬರೂ ಮನೆಗೆ ಬಂದರು. ಸೋಂಕು ತಗುಲಬಾರದೆಂದು ಪ್ರಭಾಕರನನ್ನು ಒಳಕೋಣೆಯಲ್ಲಿ ಇರಿಸಿದ್ದರು. ನಾವು ಹೋದರೆ ಕಿಟಕಿಯ ಹೊರಗೆ ನಿಂತು ಮಾತಾಡಬೇಕು. ಮಾಸ್ಕ್ ಹಾಕಿಕೊಂಡು ಒಳಗಿನಿಂದ ಕೈ ಆಡಿಸುತ್ತಿದ್ದ. ಅಂಗಡಿಯನ್ನು ಮತ್ತೆ ತೆಗೆಯುವ ಮಾತಾಡುತ್ತಿದ್ದ.

ಎರಡನೆಯ ತಿಂಗಳಲ್ಲಿ ಜ್ವರ ಬಂತು. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕಬಾರದೆಂದು ಕೊಡುವ ಮಾತ್ರೆಗಳು ಮೈಯ ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವಂತೆ. ಜ್ವರ ಶ್ವಾಸಕೋಶಕ್ಕಿಳಿಯಿತು. ಬೆಂಗಳೂರಿನ ಐಸಿಯುಗೆ ಹಾಕಿದರು. ನಾವು ಮತ್ತೆ ಉಪವಾಸ ಕೂತೆವು. ಈ ಸಲ ಎಲ್ಲರಿಗೂ ಧೈರ್ಯವಿತ್ತು. ಇಷ್ಟೆಲ್ಲ ಮಾಡಿದ ದೇವರು ಈಗ ಕೈ ಬಿಡುತ್ತಾನೆಯೇ?

ಪ್ರಭಾಕರ ತೀರಿಕೊಂಡ.

ಸಮಾಧಿಯ ಬಳಿ ಎಸ್ತೇರ್ ಅಳಲಿಲ್ಲ. ಬಲಗೈಯನ್ನು ಸೊಂಟದ ಪಕ್ಕಕ್ಕೆ, ಆಪರೇಷನ್ ಆದ ಜಾಗಕ್ಕೆ ಒತ್ತಿ ಹಿಡಿದು ನಿಂತಿದ್ದಳು. ನೋಯುತ್ತಿದೆಯೇನೋ ಎಂದು ನಾನು ಹತ್ತಿರ ಹೋದೆ. ನನ್ನ ಮುಖ ನೋಡದೆಯೇ ಮೆಲ್ಲಗೆ ಹೇಳಿದಳು: "ಕಿಡ್ನಿ ಕೊನೇವರ್ಗೂ ಚೆನ್ನಾಗೇ ಕೆಲ್ಸ ಮಾಡ್ತಿತ್ತಂತೆ ಅಕ್ಕ. ಡಾಕ್ಟ್ರು ಯೇಳಿದ್ರು. ಅದನ್ನೂ ಮಣ್ಣಿಗೆ ಆಕ್ತಾವ್ರೆ ನೋಡು."

ನಾನು ಅವಳ ಆ ಕೈಯ ಮೇಲೆ ಕೈಯಿಟ್ಟು ನಿಂತೆ.

ಆದರೆ ಬೇರೆಯವರಿಗೆ ಮಾತಿನ ಕೊರತೆಯಿರಲಿಲ್ಲ. ಸಾವಿನ ಮನೆಗೆ ಬಂದವರು ಕಾರಣ ಹೊತ್ತುಕೊಂಡೇ ಬರುತ್ತಾರೆ, ನೀವೂ ಗಮನಿಸಿರಬಹುದು. ಲೈನಿನ ಹಿರಿಯ ಹೆಂಗಸೊಬ್ಬಳು ಎಸ್ತೇರಳ ಗಲ್ಲ ಹಿಡಿದು, ತಮಿಳಿನ ಮುದ್ದುಮಾತು ಬೆರೆಸಿ, "ದೇವ್ರಿಗೆ ರೊಂಬ ಇಷ್ಟ ಆದೋರ್ನ ಬೇಗ ಕರ್ಕೊತಾನೆ ಕಣ್ಣು" ಎಂದಳು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ಇನ್ನೊಬ್ಬರು ಬಂಗಾರಪೇಟೆಯಿಂದ ಬಂದ ನೆಂಟರು, ದೊಡ್ಡ ಪ್ರಾರ್ಥನಾ ಕೂಟಗಳಿಗೆಲ್ಲ ಓಡಾಡುವವರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಎಲ್ಲೋ ವಿಶ್ವಾಸದಲ್ಲಿ ಸ್ವಲ್ಪ ಕಮ್ಮಿ ಆಗಿರ್ಬೇಕಮ್ಮ. ಪರೀಕ್ಷೆ ಮಾಡ್ಕೊಂಡು ನೋಡು" ಎಂದರು.

ಎಸ್ತೇರ್ ತಲೆಯೆತ್ತಿ ಅವರನ್ನು ನೋಡಿದಳು. "ಮಾವ, ಒಂದು ಕಿಡ್ನಿ ಕಮ್ಮಿ ಆಗ್ಯದೆ. ಅದೊಂದು ಗೊತ್ತು ನನ್ಗೆ" ಎಂದಳು.

ನಾವೇಕೆ ಹೀಗೆ? ಒಬ್ಬರ ದುಃಖವನ್ನು ಅದರ ಪಾಡಿಗೆ ಬಿಟ್ಟು ಪಕ್ಕದಲ್ಲಿ ಕೂರುವುದು ನಮಗೇಕೆ ಇಷ್ಟು ಕಷ್ಟ? ದೇವರ ಪರವಾಗಿ ವಕಾಲತ್ತು ವಹಿಸಿ ಎಂದು ಅವನೇನಾದರೂ ನಮ್ಮನ್ನು ಕೇಳಿಕೊಂಡಿದ್ದಾನೆಯೇ? ಸಾಕ್ಷಿ ಹೇಳಲು ನಾವು ಗೆದ್ದವರನ್ನಷ್ಟೇ ಕರೆಯುತ್ತೇವೆ. ಬೇಡಿಕೊಂಡದ್ದು ಸಿಗದವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು.

ಎಸ್ತೇರ್ ಚರ್ಚಿಗೆ ಬರುವುದನ್ನು ಬಿಡುತ್ತಾಳೆ ಎಂದುಕೊಂಡಿದ್ದೆ. ಬಿಡಲಿಲ್ಲ. ತನ್ನ ಒಬ್ಬಳೇ ಮಗಳ ಜೊತೆ ಪ್ರತಿ ಭಾನುವಾರ ಬರುತ್ತಿದ್ದಳು. ಆದರೆ ಹಾಡುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ಅವಳು ತೆರೆದುಕೊಂಡೇ ಕೂತಿರುತ್ತಿದ್ದಳು. (ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ.) ಒಂದು ದಿನ ಬ್ಲೌಸಿನ ಬಟ್ಟೆ ಕೊಡುವ ನೆಪದಲ್ಲಿ ಮನೆಗೆ ಹೋಗಿ ಕೇಳಿಯೇಬಿಟ್ಟೆ: "ಪ್ರಾರ್ಥನೆ ಮಾಡಾಕತ್ತಿಲ್ಲೇನ ಎಸ್ತೇರ್?"

"ಇಲ್ಲಕ್ಕ."

"ಮತ್ತ ಬರೋದ್ಯಾಕ?"

ಅವಳು ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. "ಮಾತು ಬಿಟ್ಟಿದೀನಿ ಅಷ್ಟೇ. ಮನೆ ಬಿಟ್ಟಿಲ್ಲ. ಗಂಡ ಎಂಡ್ತಿ ಜಗಳ ಆಡ್ಕೊಂಡ್ರೆ ಮಾತು ಇರಲ್ಲ, ಆದ್ರೆ ಅನ್ನ ಬಡಿಸ್ತೀವಲ್ಲ? ಅಂಗೆ. ಅವನ ಮನೇಗೆ ಓಗ್ತೀನಿ, ಕೂತ್ಕೊತೀನಿ, ಬತ್ತೀನಿ."

"ಎಷ್ಟು ದಿನ ಹಿಂಗ?"

"ಅವನಾಗಿ ಏನಾದ್ರೂ ಯೇಳೋವರ್ಗೂ," ಎಂದಳು. ದಾರ ಕತ್ತರಿಸಿ ತಾನೇ ಮುಂದುವರಿಸಿದಳು. "ಇವ್ರನ್ನ ಕರ್ಕೊಂಡಿದ್ದಕ್ಕೂ ಅಲ್ಲಕ್ಕ ಸಿಟ್ಟು. ಎಲ್ರೂ ಸಾಯ್ತಾರೆ. ಮ್ಯಾಚ್ ಯಾಕೆ ಮಾಡ್ಸಿದ? ಮೊದ್ಲೇ ಆಗಲ್ಲ ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಆಸೆ ತೋರ್ಸಿ ಕಿತ್ಕೊಂಡ."

ಈ ಪ್ರಶ್ನೆಗೆ ಉತ್ತರ ಗೊತ್ತಿರುವವರು ದಯವಿಟ್ಟು ನನಗೆ ಬರೆಯಬೇಡಿ. ಎಸ್ತೇರಳ ಮುಂದೆ ಕೂತು ಹೇಳುವ ಧೈರ್ಯವಿದ್ದರೆ ವಿಳಾಸ ಕೊಡುತ್ತೇನೆ.

ಕಳೆದ ಗುರುವಾರ ಮಧ್ಯಾಹ್ನ ಹೊಲಿದ ಬ್ಲೌಸ್ ತರಲೆಂದು ಹೋಗಿದ್ದೆ. ಎಸ್ತೇರಳ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದಳು. ಕಾಮಸಮುದ್ರದ ಹತ್ತಿರದ ಹಳ್ಳಿಯವಳು, ವೆಂಕಟಮ್ಮ. ಕೂಲಿ ಮಾಡುವವಳು. ಅವಳ ಗಂಡನಿಗೂ ಅದೇ ಕೋಲಾರದಲ್ಲಿ ಡಯಾಲಿಸಿಸ್. ಎಸ್ತೇರಳೂ ಅವಳೂ ಎಷ್ಟೋ ದಿನ ಒಂದೇ ಬೆಂಚಿನ ಮೇಲೆ ಕೂತು ಕಾದವರು. ಎರಡು ಬಸ್ಸು ಬದಲಾಯಿಸಿ, ಮನೆ ಹುಡುಕಿಕೊಂಡು ಬಂದಿದ್ದಳು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಬಂದ ವಿಷಯ ಹೇಳಿದಳು.

"ನಂದು ಮ್ಯಾಚ್ ಆಗ್ಯದೆ ಅಂದ್ರಮ್ಮ. ಕೊಡ್ಬೌದಂತೆ. ನಮ್ಮಣ್ಣಂದ್ರು ಬ್ಯಾಡ ಅಂತಾವ್ರೆ. ಆ ಕೆಜಿಎಫ್ ಎಂಗಸು ಕೊಟ್ಲಲ್ಲ, ಏನಾಯ್ತು ನೋಡ್ಲಿಲ್ವಾ, ಗಂಡನೂ ಓದ, ಅವ್ಳೂ ಅರ್ಧ ಆದ್ಳು ಅಂತ ಬಯ್ತಾವ್ರೆ." ಹೇಳುತ್ತ ಹೇಳುತ್ತ ಅವಳಿಗೇ ನಾಚಿಕೆಯಾಗಿ ತಲೆ ತಗ್ಗಿಸಿದಳು. "ತಪ್ಪು ತಿಳ್ಕೋಬ್ಯಾಡ. ನಿನ್ನ ಕೇಳ್ದೆ ಇನ್ಯಾರನ್ನ ಕೇಳ್ಲಿ? ಕೊಡ್ಲಾ?"

ಒಂದು ಕಾಲದಲ್ಲಿ ನಮ್ಮ ಸಭೆಯ ಸಾಕ್ಷಿಯಾಗಿದ್ದವಳು ಈಗ ಹಳ್ಳಿಗಳಲ್ಲಿ ಎಚ್ಚರಿಕೆಯ ಕತೆಯಾಗಿದ್ದಾಳೆ ಎಂದು ನನಗೆ ತಿಳಿದದ್ದು ಆಗಲೇ. ಎಸ್ತೇರ್ ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಇಲ್ಲವೆ, ಕೊಡಬೇಡ ಎನ್ನುತ್ತಾಳೆ. ನಾನಾಗಿದ್ದರೆ ಖಂಡಿತ ಹಾಗೇ ಅನ್ನುತ್ತಿದ್ದೆ.

ಅವಳು ವೆಂಕಟಮ್ಮನ ಪಕ್ಕಕ್ಕೆ ಸರಿದು ಕೇಳಿದಳು, "ನಿಮ್ಮನೆಯವ್ರಿಗೆ ದಿನಕ್ಕೆ ಎಷ್ಟು ನೀರು ಕೊಡ್ತೀಯ?"

"ಎರಡು ಲೋಟ. ಅಷ್ಟೇ ಅಂದವ್ರೆ. ಮೂರನೇದು ಕೇಳ್ತಾರೆ. ಬಚ್ಚಿಡ್ತೀನಿ."

"ನಾನೂ ಬಚ್ಚಿಡ್ತಿದ್ದೆ. ಒಂದ್ಸಲ ಇವ್ರು ಬಚ್ಚಲ ಮನೇಗೆ ಓಗಿ ಕೊಳಾಯಿಗೆ ಬಾಯಿಟ್ಟಿದ್ರು. ಬಯ್ದುಬಿಟ್ಟೆ," ಎಂದಳು ಎಸ್ತೇರ್. ಅವಳ ದನಿ ಗಟ್ಟಿಯಾಗೇ ಇತ್ತು. "ಆಪರೇಷನ್ ಆದ್ಮೇಲೆ ಡಾಕ್ಟ್ರೇ ಜಾಸ್ತಿ ಕುಡೀರಿ ಅಂದ್ರು. ದೊಡ್ಡ ಚೊಂಬಲ್ಲಿ ತಂದ್ಕೊಟ್ಟೆ. ಮೂತಿಯೆಲ್ಲಾ, ಅಂಗಿಯೆಲ್ಲಾ ನೆನ್ಸ್ಕೊಂಡು ಕುಡುದ್ರು. ಕುಡ್ದು ನಗಾಡಿದ್ರು. ಆ ಎರಡು ತಿಂಗ್ಳು ಅವ್ರು ಎಷ್ಟು ಬೇಕೋ ಅಷ್ಟು ನೀರು ಕುಡುದ್ರು ವೆಂಕಟಮ್ಮ."

ವೆಂಕಟಮ್ಮ ಅಳಲು ಶುರು ಮಾಡಿದಳು.

"ಉಳೀತಾರೆ ಅಂತ ನಾನು ಯೇಳಲ್ಲ. ನಂಗೊತ್ತಿಲ್ಲ. ಉಳ್ಕೊಂಡೋರೂ ಬೇಕಾದಷ್ಟು ಜನ ಅವ್ರೆ. ಡಾಕ್ಟ್ರ ಅತ್ರ ಎಲ್ಲಾ ಬಿಡ್ಸಿ ಕೇಳು. ನಿಂಗೇನಾಗ್ತದೆ ಅಂತ್ಲೂ ಕೇಳು. ಭಯ ಆದ್ರೆ ಕೊಡ್ಬೇಡ, ಅದ್ರಲ್ಲಿ ತಪ್ಪಿಲ್ಲ. ನಾನು ಕೊಟ್ಟಿದ್ದು ತಪ್ಪಾಯ್ತಾ ಅಂತ ಕೇಳಿದ್ರೆ, ಇಲ್ಲ. ಇನ್ನೊಂದ್ಸಲ ಕೊಡು ಅಂದ್ರೂ ಕೊಡ್ತೀನಿ."

"ಕೊಡ್ತೀನಮ್ಮ. ಮನ್ಸಲ್ಲಿ ಕೊಡ್ಬೇಕು ಅಂತ್ಲೇ ಅದೆ," ಎಂದಳು ವೆಂಕಟಮ್ಮ. ಹೊರಡಲು ಎದ್ದವಳು ಬಾಗಿಲ ಬಳಿ ನಿಂತಳು. "ನಿಮ್ಮ ದೇವ್ರಿಗೆ ಒಂದ್ಮಾತು ಯೇಳಮ್ಮ. ನಾನು ನಮ್ಮ ದೇವ್ರಿಗೂ ಯೇಳಿದೀನಿ."

ಅವಳಿಗೇನು ಗೊತ್ತು, ಎಸ್ತೇರ್ ಆ ದೇವರ ಜೊತೆ ಮಾತು ಬಿಟ್ಟು ವರ್ಷ ತುಂಬುತ್ತಿದೆ ಎಂದು? ಪ್ರಾರ್ಥನೆ ನಾನು ಮಾಡುತ್ತೇನೆ ಎಂದು ಮುಂದೆ ಬರುವಷ್ಟರಲ್ಲಿ ಎಸ್ತೇರ್ ವೆಂಕಟಮ್ಮನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ತುಟಿ ಒಂದೆರಡು ಸಲ ಅಲುಗಿದರೂ ದನಿ ಬರಲಿಲ್ಲ. ಬಂದಾಗ ಅದು ಪ್ರಾರ್ಥನೆಯಂತೆ ಕೇಳಿಸಲಿಲ್ಲ, ಬಹಳ ದಿನದ ಮೇಲೆ ಬಾಯಿಬಿಟ್ಟ ಮನೆಯವರ ಮಾತಿನಂತಿತ್ತು.

"ಯೇಸಪ್ಪಾ, ನಾನು ಎಸ್ತೇರು. ಇವ್ಳ ಗಂಡನ್ನ ಉಳ್ಸು. ಇವ್ಳನ್ನೂ ಕಾಪಾಡು. ನಂಗೆ ಮಾಡ್ದಂಗೆ ಇವ್ಳಿಗೆ ಮಾಡ್ಬೇಡ. ನೀನು ಏನ್ ಮಾಡಿದ್ರೂ ಇನ್ನೆಲ್ಲಿಗೆ ಓಗ್ಲಿ ನಾನು? ನಿನ್ನತ್ರಾನೇ ಬರ್ಬೇಕು. ಅದಕ್ಕೇ ಕೇಳ್ತಿದೀನಿ."

ಅಷ್ಟೇ. ಪ್ರಾರ್ಥನೆಯ ಕೊನೆಗೆ ಹೇಳುವ ಮಾತುಗಳನ್ನು ಹೇಳಲೇ ಇಲ್ಲ. ನಾನು ಆಮೆನ್ ಅನ್ನಬೇಕಿತ್ತು. ಅಂದದ್ದು ವೆಂಕಟಮ್ಮ, ಆ ಪದ ಗೊತ್ತಿಲ್ಲದೆಯೇ: "ಅಂಗೇ ಆಗ್ಲಿ ತಾಯಿ."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆವು. ದಾರಿಯಲ್ಲಿ ಎಸ್ತೇರಳನ್ನು ಕೇಳಿದೆ, ಸಿಟ್ಟು ಹೋಯಿತೇ ಎಂದು. "ಎಲ್ಲೋಯ್ತದೆ ಅಕ್ಕ? ಅಂಗೇ ಅದೆ," ಎಂದಳು. ಮನೆಗೆ ಬಂದು ನನ್ನ ಬ್ಲೌಸ್ ಮಡಚಿ ಕೈಗಿಟ್ಟು, ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಅವಳ ಅಳು ಕೇಳಿಸಿತು. ಪ್ರಭಾಕರ ಹೋದ ಮೇಲೆ ಅವಳು ದನಿ ತೆಗೆದು ಅತ್ತದ್ದನ್ನು ಕೇಳಿದ್ದು ಅವತ್ತೇ ಮೊದಲು. ನಾನು ಬಾಗಿಲು ತಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತೆ.

ವೆಂಕಟಮ್ಮನ ಆಪರೇಷನ್ನಿಗೆ ಇನ್ನೂ ದಿನ ಗೊತ್ತಾಗಿಲ್ಲ. ಈ ಭಾನುವಾರ ಸಭೆಯಲ್ಲಿ ಅವಳಿಗಾಗಿ ಪ್ರಾರ್ಥನೆ ಮಾಡಬೇಕೆಂದು ಪಾಸ್ಟರಿಗೆ ಹೇಳಿದ್ದೇವೆ. ಮಾಡುವವಳು ಎಸ್ತೇರ್.

ಸಿಗುತ್ತದೆಂಬ ಭರವಸೆಯಿಂದ ಬೇಡುವುದು ನಮಗೆಲ್ಲ ಬರುತ್ತದೆ. ಕೇಳಿದ್ದನ್ನು ಕೊಡದೆ ಹೋದವನ ಬಾಗಿಲಿಗೇ ಮತ್ತೆ ಹೋಗಿ ಇನ್ನೊಬ್ಬರಿಗಾಗಿ ಬೇಡುವುದು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?