ಯಂತ್ರಕ್ಕೂ ಬೆಲ್ಲ ನೀರು

ನಮ್ಮ ಮೇಡಂ ತಲೆಯ ಶಾಲಿಗೆ ಚುಚ್ಚುತ್ತಿದ್ದ ಪಿನ್ನಿನ ತುದಿಯಲ್ಲಿ ನವಿಲಿನ ಕತ್ತಿನ ಬಣ್ಣದ ಚೂರೊಂದು ಹೊಳೆಯುತ್ತಿತ್ತು. ಗಲ್ಫಿನ ಹರಳೆಂದೇ ನಾವು ತಿಳಿದಿದ್ದೆವು. "ಹರಳೂ ಅಲ್ಲ, ಎಂಥದೂ ಅಲ್ಲ. ಕಲಿಯುವಾಗ ನಾನು ಹಾಳು ಮಾಡಿದ ಟೈಟಾನಿಯಂ. ಗಾಳಿ ಕುಡಿದು ನೀಲಿ ಆದದ್ದು" ಎಂದು ನಗುತ್ತಿದ್ದರು.

ಮೂಡುಬಿದಿರೆಯ ಕಾಲೇಜಿನಲ್ಲಿ ಅವರು ನನ್ನ ಪಿಎಚ್‌ಡಿಯ ಗೈಡ್. ವಿಮಾನದ ಎಂಜಿನಿನ ಬಿಸಿಗೂ ಜಗ್ಗದ ಟೈಟಾನಿಯಂ ಮಿಶ್ರಲೋಹ ಮಾಡುವುದು ನಮ್ಮ ಕೆಲಸ. ಅವರು ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರ ಮನೆಯವರು. ನಾನು ಬೆಳ್ತಂಗಡಿ ಕಡೆಯವಳು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು.

ಲೋಹ ಕರಗಿಸುವ ಪೆಟ್ಟಿಗೆಯಿಂದ ಗಾಳಿ ತೆಗೆದು ಆರ್ಗಾನ್ ಅನಿಲ ತುಂಬಿದರೂ ಒಂಚೂರು ಗಾಳಿ ಉಳಿದಿರುತ್ತದೆ. ಅದನ್ನು ಹೀರಿಕೊಳ್ಳಲಿ ಎಂದು ಮೊದಲು ಬರೀ ಟೈಟಾನಿಯಂನ ತುಂಡೊಂದನ್ನು ಕರಗಿಸಬೇಕು. ಅದು ಬೆಳ್ಳಿಯ ಹಾಗೆ ಉಳಿದರೆ ಮಾತ್ರ ನಮ್ಮ ಮಿಶ್ರಲೋಹದ ಸರದಿ. "ನಿಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು, ಮತ್ತೆ ಮಾತು ಅಲ್ವಾ? ಇದೂ ಹಾಗೆಯೇ" ಎಂದು ಕಲಿಸಿದರು. ಆಮೇಲೆ ದಿನಾ ಒಂದೇ ಪ್ರಶ್ನೆ: "ಬೆಲ್ಲ ನೀರು ಆಯ್ತಾ?"

ಬೆರಕೆ ಹದಕ್ಕೆ ಬಾರದೆ, ಪರೀಕ್ಷೆಗೆಂದು ನಾನು ಮಾಡಿದ ಮಿಶ್ರಲೋಹದ ಕಡ್ಡಿಗಳೆಲ್ಲ ಬಿಸಿಯಲ್ಲಿ ತುಂಡಾಗಿದ್ದವು. ಇನ್ನೊಂದು ಸಲಕ್ಕೆ ಸಾಲುವಷ್ಟು ಮಾತ್ರ ಸಾಮಾನು ಉಳಿದಿತ್ತು. ಇದೂ ಹೋದರೆ ಪಿಎಚ್‌ಡಿಯೂ ಹೋದ ಹಾಗೆಯೇ. ಆ ದಿನ ಮೊದಲ ತುಂಡಿನ ಮೇಲೆ ತೆಳು ಹಳದಿ ಕಂಡಿತು.

"ಸ್ವಲ್ಪವೇ ಅಲ್ವಾ ಮೇಡಂ? ಕರಗಿಸುವ."

"ಸ್ವಲ್ಪ ಅಂತ ನಿನಗೆ ಕಾಣುದು. ಟೈಟಾನಿಯಂಗೆ ಸ್ವಲ್ಪ ಗಿಲ್ಪ ಗೊತ್ತಿಲ್ಲ ಮಾರಾಯ್ತಿ, ಸಿಕ್ಕಿದ್ದೆಲ್ಲ ಕುಡಿತದೆ. ತೆಗಿ ಮುಚ್ಚಳ. ನಿನಗೆ ಒರೆಸ್ಲಿಕ್ಕೂ ಬರುದಿಲ್ಲ!"

ಮುಚ್ಚಳದ ರಬ್ಬರ್ ಬಳೆಗೆ ನೂಲೊಂದು ಅಂಟಿಕೊಂಡಿತ್ತು. ಗಾಳಿ ನುಸುಳಲು ಅಷ್ಟು ಸಾಕು. ಮೇಡಂ ಅದನ್ನೆತ್ತಿ ಬೆಳಕಿಗೆ ಹಿಡಿದರು. ಅವರದೇ ಶಾಲಿನ ನೂಲು.

"ಯಾ ಅಲ್ಲಾ! ಬೈದದ್ದು ನಿನಗೆ, ಕಳ್ಳಿ ನಾನು!"

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೆ ಶಾಲಿನ ಅಂಚನ್ನು ಕೋಟಿನೊಳಗೆ ಸಿಕ್ಕಿಸಿ, ಎಲ್ಲ ಮೊದಲಿಂದ ಮಾಡಿಸಿದರು. ಈ ಸಲ ತುಂಡು ಬೆಳ್ಳಿಯ ಹಾಗೆ ಹೊಳೆಯಿತು. ಆಗಲೇ ನನ್ನ ಲೋಹ ಕರಗಿದ್ದು.

ಅದರ ಕಡ್ಡಿಗೆ ಭಾರ ತೂಗುಹಾಕಿ ಕುಲುಮೆಯ ಬಿಸಿಯಲ್ಲಿ ವಾರಗಟ್ಟಲೆ ಬಿಟ್ಟೆವು. ತೆರೆದ ದಿನ ನನಗೆ ನೋಡುವ ಧೈರ್ಯ ಬರಲಿಲ್ಲ. ಅವರೇ ಬಗ್ಗಿ ನೋಡಿ, "ಉಂಟು, ತುಂಡಾಗ್ಲಿಲ್ಲ" ಎಂದರು.

ಪದವಿ ಪತ್ರ ಸಿಕ್ಕಿದ ಮೇಲೆ ಪಾಣೆಮಂಗಳೂರಿಗೆ ಹೋದೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಬಾಗಿಲಲ್ಲೇ ಪತ್ರ ಬಿಚ್ಚಲು ಹೊರಟೆ. "ನಿಲ್ಲು ಮಾರಾಯ್ತಿ, ಕ್ರಮ ಬಿಡ್ಲಿಕ್ಕಿಲ್ಲ" ಎಂದು ಒಳಗೆ ಹೋದವರು ಬೆಲ್ಲ, ನೀರು ತಂದಿಟ್ಟರು. ನಾನು ಕುಡಿದು ಮುಗಿಸುವವರೆಗೆ ಪತ್ರದ ಕಡೆ ಕಣ್ಣೂ ಹಾಯಿಸಲಿಲ್ಲ. ಆಮೇಲೆ ಕನ್ನಡಕ ಹಾಕಿ, ನನ್ನ ಹೆಸರಿಗೆ ಡಾಕ್ಟರ್ ಸೇರಿಸಿ, ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದಿದರು.