ಬಸಮ್ಮಜ್ಜಿಯ ದನಿಗೆ ಎಷ್ಟು ಗೇನ್

ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಂತು. ಸುಟ್ಟ ರಾಳದ, ತುಸು ಸಿಹಿಯಾದ, ಗಂಟಲು ಕೆರೆಯುವ ವಾಸನೆ. ಫೋನ್ ಕೊಡಲು ಚಾಚಿದ ಕೈ ಹಾಗೇ ನಿಂತಿತು. ಕಂಪ್ಲಿಯ ನಮ್ಮ ಮನೆಯ ಪಡಸಾಲೆ, ನೆಲಕ್ಕೆ ಹಾಸಿದ ಗೋಣಿಚೀಲ, ಅದರ ಮೇಲೆ ಬಗ್ಗಿ ಕುಳಿತ ಗಿರಿಜತ್ತಿ, ಎಲ್ಲ ಕಣ್ಣಿಗೆ ಕಟ್ಟಿತು. ಗಿರಿಜತ್ತಿ ಅಪ್ಪನ ತಂಗಿ. ನಾನು ಚಿಕ್ಕವಳಿದ್ದಾಗ ಅವಳು ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಳು.

ಮನೆಯ ಹಿಂಗೋಡೆಗೆ ನಮ್ಮದೇ ಅಕ್ಕಿ ಗಿರಣಿ ಅಂಟಿಕೊಂಡಿತ್ತು. ಅದು ನಡೆಯುವಾಗ ಗೋಡೆ ಮುಟ್ಟಿದರೆ ಅಂಗೈ ಜುಮ್ಮೆನ್ನುತ್ತಿತ್ತು. ನಾವೆಲ್ಲ ಕೂಗಿಯೇ ಮಾತಾಡುವವರು; ಉಪ್ಪು ಕೇಳಿದರೂ ಜಗಳವಾಡಿದಂತಿರುತ್ತಿತ್ತು. ಹಾಗಾಗಿ ಅಜ್ಜಿಯ ಕಿವಿ ಮಂದವಾದದ್ದು ನಮಗೆ ಬಹುಕಾಲ ತಿಳಿಯಲೇ ಇಲ್ಲ. ತಿಳಿದದ್ದು ಅವಳ ಅಕ್ಕ, ಗಾದಿಗನೂರಿನ ಬಸಮ್ಮಜ್ಜಿ, ಬಂದ ದಿನ. ಬಸಮ್ಮಜ್ಜಿಯದು ಅರಳೆಯಂಥ ದನಿ. ಏನೋ ಕೇಳಿದಳು, ಅಜ್ಜಿ ಉತ್ತರಿಸಲಿಲ್ಲ. ಮತ್ತೆ ಕೇಳಿದಳು. ಕೊನೆಗೆ, "ನನ್ ಕೂಡ ಮಾತು ಬ್ಯಾಡಾಗೈತಿ ಈಕಿಗೆ," ಎಂದು ಸೆರಗು ಹೊದ್ದು, ಉಣ್ಣದೆ ಬಸ್ಸು ಹತ್ತಿದಳು. ಅಕ್ಕ ಯಾಕೆ ಹೋದಳೆಂದು ಅಪ್ಪ ಕೂಗಿ ಹೇಳಿದ ಮೇಲೆ ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು. "ಆಕಿ ಇನ್ನೊಮ್ಮೆ ಬರೋದ್ರಾಗ ನನ್ ಕಿವಿಗೆ ಏನರ ಮಾಡ್ರಿ," ಎಂದಳು. ಕಿವಿಯಂತ್ರ ಬಳ್ಳಾರಿಯಿಂದ ತರಿಸಬೇಕಿತ್ತು. ಅಷ್ಟು ತಾಳ್ಮೆ ಗಿರಿಜತ್ತಿಗೆ ಎಲ್ಲಿತ್ತು? "ನಾ ಮಾಡ್ತೀನಿ ತಡಿ ಬೇ," ಎಂದಳು.

ಅವಳು ತಂದದ್ದು ಎಂಟು ಕಾಲಿನ ಕರಿ ಐಸಿ ಚಿಪ್, ಆಪ್-ಆಂಪ್ ಎಂಬುದು. ಸಣ್ಣ ದನಿಯನ್ನು ದೊಡ್ಡದು ಮಾಡುವುದು ಅದರ ಕೆಲಸ. ಎಷ್ಟು ದೊಡ್ಡದು ಎಂಬುದನ್ನು ಮಾತ್ರ ನಾವೇ ಹೇಳಿಕೊಡಬೇಕು. "ಒಳಗ ಬರೋ ದಾರಿಗೆ ಒಂದು ರೆಸಿಸ್ಟರ್, ಹೊರಗಿಂದ ಹೊಳ್ಳಿ ಒಳಗ ಬರೋ ದಾರಿಗೆ ಇನ್ನೊಂದು. ಇದು ಅದರ ಎಷ್ಟು ಪಟ್ಟು ಐತಿ, ದನಿನೂ ಅಷ್ಟು ಪಟ್ಟು. ಅದಕ್ಕ ಗೇನ್ ಅಂತಾರ," ಎಂದು ನನಗೆ ತೋರಿಸಿದಳು. ಒಳದಾರಿಯ ರೆಸಿಸ್ಟರಿನ ತಡೆ ಒಂದು ಕಿಲೋ ಓಮ್, ಹೊಳ್ಳಿ ಬರುವ ದಾರಿಯದು ನೂರು ಕಿಲೋ ಓಮ್. ಅಲ್ಲಿಗೆ ನೂರು ಪಟ್ಟು. ಅಕ್ಕಿಕಾಳಿಗಿಂತ ತುಸು ದಪ್ಪನೆಯ ಎರಡು ಪಟ್ಟೆಪಟ್ಟೆ ಚೂರುಗಳು ಒಬ್ಬರ ಮಾತಿನ ಎತ್ತರವನ್ನು ತೀರ್ಮಾನಿಸುತ್ತವೆ ಎಂಬುದಕ್ಕೇ ನನ್ನ ಮೈ ಝುಮ್ಮೆಂದಿತು.

ಅಮಾವಾಸ್ಯೆಗೆ ಗಿರಣಿಗೆ ಪೂಜೆ, ಬಿಡುವು. ಅಂದೇ ಪರೀಕ್ಷೆ ನಡೆಯಿತು. ಅಜ್ಜಿಯ ಮಡಿಲಲ್ಲಿ ಮೈಕು, ಕಿವಿಯಲ್ಲಿ ಇಯರ್‌ಫೋನ್. ನಾನು ತಲೆಬಾಗಿಲಲ್ಲಿ ನಿಂತು, "ಅಜ್ಜಿ, ಬೆಲ್ಲ ಕೊಡು," ಎಂದು ಪಿಸುಗುಟ್ಟಿದೆ. "ಮುಂಜಾನೆನ ತಿಂದೀಯಲ್ಲ, ಕಳ್ಳಿ," ಎಂದಳು ಅಜ್ಜಿ. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಮರುದಿನವೇ ಬರಲು ಬಸಮ್ಮಜ್ಜಿಗೆ ಹೇಳಿ ಕಳಿಸಿದರು.

ಮರುದಿನ ಗಿರಣಿ ಶುರುವಾದ ಕೂಡಲೇ ಅಜ್ಜಿ ಇಯರ್‌ಫೋನ್ ಕಿತ್ತು ಬಿಸಾಡಿದಳು. "ಗಿರಣಿನ ತಂದು ತಲ್ಯಾಗ ಇಟ್ಟೀಯಲ್ಲ ತಾಯಿ." ಅತ್ತಿ ಹಣೆ ಹಿಡಿದುಕೊಂಡಳು. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನಾವು ಅದನ್ನು ಸದ್ದೆಂದೇ ಎಣಿಸಿರಲಿಲ್ಲ. ಗಿರಣಿ ನಿಂತ ದಿನದ ಅಳತೆಯನ್ನು ನಡೆಯುವ ದಿನಕ್ಕೆ ಹಾಕಿದ್ದೆವು. "ಗಿರಣಿ ಬಂದ್ ಮಾಡಸ್ತೀನಿ," ಎಂದರು ಅಪ್ಪ. "ಬ್ಯಾಡಣ್ಣ. ಇವತ್ತು ನಿಲ್ಲಿಸಿದ್ರ ನಾಳೆ?" ಎಂದಳು ಅತ್ತಿ. ಯಂತ್ರದ ಬ್ಯಾಟರಿ ಒಂಬತ್ತು ವೋಲ್ಟಿನದು, ನೂರು ಪಟ್ಟಾದ ಗಿರಣಿ ಸದ್ದು ಅದನ್ನು ದಾಟಿ ಏರಲಾರದೆ, ತುದಿ ಕತ್ತರಿಸಿಹೋಗಿ ಬರೀ ಗರಗರ ಉಳಿಯುತ್ತದೆ. ಅತ್ತಿ ಮೈಕಿಗೆ ಉದ್ದನೆಯ ತಂತಿ ಬೆಸೆದು, ಮಾತಾಡುವವರ ಸೆರಗಿಗೇ ಸಿಕ್ಕಿಸುವಂತೆ ಮಾಡಿದಳು. ಬಾಯಿ ಹತ್ತಿರವಾದರೆ ಅಷ್ಟು ಗೇನ್ ಬೇಕಿಲ್ಲ. ನೂರು ಕಿಲೋ ಓಮಿನ ರೆಸಿಸ್ಟರ್ ಕಿತ್ತು ಇಪ್ಪತ್ತೆರಡರದನ್ನು ಹಾಕಿದಳು. ಅಷ್ಟರಲ್ಲಿ ಬಸಮ್ಮಜ್ಜಿ ಹೊಸ್ತಿಲಲ್ಲಿದ್ದಳು, ಮುಖ ಬಿಗಿದುಕೊಂಡು.

ಅಜ್ಜಿಯ ಕಿವಿಯ ಸಂಗತಿಯನ್ನು ಅಪ್ಪ ಆಕೆಗೆ ತಿಳಿಸಿದರು, ಅಜ್ಜಿ ಇಯರ್‌ಫೋನ್ ಮತ್ತೆ ಕಿವಿಗಿಟ್ಟಳು. ಸೆರಗಿಗೆ ಮೈಕಿನ ಪಿನ್ ಹಾಕಿಸಿಕೊಂಡು, ಗಿರಣಿಯ ಮೊರೆತದ ನಡುವೆ, ಬಸಮ್ಮಜ್ಜಿ ತನ್ನ ಎಂದಿನ ದನಿಯಲ್ಲೇ ಕೇಳಿದಳು: "ಉಂಡ್ಯೇನವ್ವ, ತಂಗಿ?"

ಅಜ್ಜಿ ಕಣ್ಣು ಮುಚ್ಚಿದಳು. ಆಮೇಲೆ, "ನೀ ಉಣ್ಣದ ಹೋದಿ. ನಾ ಹೆಂಗ ಉಣ್ಣಲಿ," ಎಂದಳು. ಅವಳು ಕೂಗಿರಲಿಲ್ಲ. ಅಜ್ಜಿಗೆ ಅಂಥ ದನಿಯೊಂದಿದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಬಸಮ್ಮಜ್ಜಿ ಹತ್ತಿರ ಸರಿದು ಕುಳಿತಳು. ಆ ಇಬ್ಬರೂ ಈಗಿಲ್ಲ. ಗಿರಣಿ ಕೆಡವಿದ ಜಾಗದಲ್ಲಿ ಬೇರೆಯವರ ಗೋದಾಮಿದೆ. ಆ ಮಧ್ಯಾಹ್ನ ಅಕ್ಕತಂಗಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಬಿಸಿಲು ಇಳಿಯುವವರೆಗೂ ಮಾತಾಡಿದರು. ಗಿರಣಿಯ ಮೊರೆತದಲ್ಲಿ, ಆಮೇಲಿನ ಒಂದು ಮಾತೂ ನಮಗೆ ಕೇಳಿಸಲಿಲ್ಲ.