ಚಕ್ರಕ್ಕೆ ಸುರಿದ ನೀರು

ಇವತ್ತು ಹಡಪಸರದ ರಸ್ತೆಯಲ್ಲಿ ನನ್ನ ಮುಂದಿದ್ದ ಕಾರು ಬೀದಿನಾಯಿಗೆ ಗುದ್ದಿತು. ಚಾಲಕ ಇಳಿದವನೇ ಬಂಪರ್ ಸವರಿ ನೋಡಿದ. ಅಪ್ಪನ ಟೆಂಪೊ ನೆನಪಾಗಿ ನನ್ನ ಮೈ ಉರಿಯಿತು.

ಅಪ್ಪ ರಾಂಜಣಗಾಂವದ ಕಾರ್ಖಾನೆಗಳಿಗೆ ಸಾಮಾನು ಸಾಗಿಸುತ್ತಿದ್ದ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಕಂದು ನಾಯಿಯೊಂದು ಅಡ್ಡ ಬಂದು ಚಕ್ರಕ್ಕೆ ಸಿಕ್ಕಿತು. ಅಪ್ಪ ಇಳಿದು, ನಮ್ಮ ಕುಡಿಯುವ ನೀರನ್ನೆಲ್ಲ ಸುರಿದು ಚಕ್ರ ತೊಳೆದ. ಕುಂಕುಮ ಹಚ್ಚಿದ, ಊದುಬತ್ತಿ ಬೆಳಗಿದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ.

"ಅಪ್ಪಾ, ಅದಿನ್ನೂ ಉಸಿರಾಡ್ಲಿಕತ್ತದ," ಎಂದೆ.

"ಸುಮ್ನ ಕೂಡು. ಗಾಡಿಗಿ ದೋಷ ಹತ್ತಬಾರದು. ನಮ್ಮ ಹೊಟ್ಟಿ ತುಂಬ್ಸೋದು ಇದೇ."

ಪೂಜೆ ಟೆಂಪೊಗೆ! ಸಾಯುತ್ತಿದ್ದದ್ದು ಟೆಂಪೊ ಅಲ್ಲ. ನಾಯಿ ನಾಲಿಗೆ ಚಾಚಿ ನಮ್ಮನ್ನೇ ನೋಡುತ್ತಿತ್ತು. ನಾವು ನಿಂಬೆಹಣ್ಣನ್ನು ಪಚ್ಚೆಂದು ಒಡೆದು ಹೊರಟುಹೋದೆವು.

ಇವತ್ತಿನ ಚಾಲಕ "ತಾಈ, ಥೋಡಂ ಪಾಣಿ ದ್ಯಾ," ಎಂದು ನೀರು ಕೇಳಿದ. ನಾಯಿಗಿರಬೇಕೆಂದು ಬಾಟಲಿ ಕೊಟ್ಟೆ. ಅವನು ಬಂಪರಿನ ರಕ್ತ ತೊಳೆಯತೊಡಗಿದ. ಬಾಟಲಿ ಕಸಿದುಕೊಂಡು, ಮರಾಠಿ ಮರೆತು, ಕನ್ನಡದಲ್ಲೇ ಕಿರುಚಿದೆ: "ಗಾಡಿ ಆಮ್ಯಾಲ ತೊಳಿ! ಮೊದಲ ನಾಯಿನ್ನ ಎತ್ತು, ದವಾಖಾನಿಗೆ ಒಯ್ಯಿ!"

ಭಾಷೆ ತಿಳಿಯದಿದ್ದರೂ ಅವನು ಬೆದರಿ ಬಗ್ಗಿದ. ನಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ.

ಅಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ, ಅಪ್ಪಾ.